ವಾಂತಿಯಾಗುವ ಮಕ್ಕಳಿಗೆ ಯಾವ ಮದ್ದು, ಯಾವ ರೂಪದಲ್ಲಿ: ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳು (ಆರೋಗ್ಯ),
ಕಾಸರಗೋಡು.

ವಿಷಯ: ವಾಂತಿಭೇದಿಯಿಂದ ತುರ್ತು ವಿಭಾಗಕ್ಕೆ ಬರುವ ಮಕ್ಕಳಿಗೆ ವಾಂತಿ ನಿಲ್ಲಿಸುವ ಒಂಡನ್‌ಸೆಟ್ರಾನ್ ಔಷಧವನ್ನು ಬಾಯಿಯ ಮೂಲಕ ಕೊಡುವ ಏರ್ಪಾಡು, ತೂಕದ ಪಟ್ಟಿ ಮತ್ತು ಕನ್ನಡದಲ್ಲಿ ಸೂಚನೆ ಒದಗಿಸುವ ಬಗ್ಗೆ.

ಮಾನ್ಯರೇ,

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕೆಲಸ ಮಾಡುವ ಕೆಲವು ಮಕ್ಕಳ ವೈದ್ಯರು, ಕ್ಯಾಶುವಾಲಿಟಿ ನರ್ಸುಗಳು, ಫಾರ್ಮಸಿಸ್ಟರು ಸೇರಿ ಈ ಪತ್ರ ಬರೆದಿದ್ದೇವೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಈ ವಿಷಯ ಮುಟ್ಟಬೇಕಾದ ತಾಯಂದಿರಲ್ಲಿ ಬಹಳಷ್ಟು ಮಂದಿ ಓದುವುದು ಕನ್ನಡವಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇವೆ.

ನಮ್ಮ ದೂರು ಇಷ್ಟು. ವಾಂತಿ ಎಂದು ಎತ್ತಿಕೊಂಡು ಬಂದ ಮಗುವಿಗೆ ನಮ್ಮ ಕಡೆ ಮೊದಲು ಸಿಗುವುದು ಸೂಜಿ, ಅದರ ಹಿಂದೆಯೇ ಗ್ಲೂಕೋಸ್ ಬಾಟ್ಲಿ. ಬಾಯಿಯಿಂದ ಕೊಟ್ಟರೆ ಸಾಕಾಗುವ ಮದ್ದು ಕಪಾಟಿನಲ್ಲಿ ಇರುವುದಿಲ್ಲ. ಇದ್ದರೆ ಅಳೆದು ಕೊಡಲು ಸಿರಿಂಜ್ ಇರುವುದಿಲ್ಲ. ಎರಡೂ ಇದ್ದ ಕಡೆ ಮಗುವಿನ ತೂಕ ನೋಡಿರುವುದಿಲ್ಲ. ಇದು ಒಂದು ಆಸ್ಪತ್ರೆಯ ತಪ್ಪಲ್ಲ. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ, ತಲಪಾಡಿ ಗಡಿಯ ಈಚೆಗೂ ಆಚೆಗೂ ಬೇರು ಬಿಟ್ಟ ಅಭ್ಯಾಸ. ಆದ್ದರಿಂದ ಯಾರ ಹೆಸರನ್ನೂ ಎತ್ತುವುದಿಲ್ಲ.

ಮದ್ದಿನ ರೂಪದ ಮಾತಿಗೆ ಮೊದಲು, ಅದು ಯಾವ ಮಗುವಿಗೆ ಬೇಕು ಎಂಬುದು ಸ್ಪಷ್ಟವಾಗಬೇಕು. ವಾಂತಿಭೇದಿಯ ಮಕ್ಕಳಲ್ಲಿ ಮೂರು ಗುಂಪು. ಎರಡು ಮೂರು ಸಲ ಕಾರಿಕೊಂಡರೂ ಆಡುತ್ತಿರುವ, ಮೂತ್ರ ಸರಿಯಾಗಿ ಹೋಗುತ್ತಿರುವ ಮಗು ಒಂದು. ಕಣ್ಣು ಗುಳಿಬಿದ್ದು, ಕಿರಿಕಿರಿ ಮಾಡುತ್ತಾ, ನೀರು ಕಂಡರೆ ಲೋಟಕ್ಕೇ ಬಾಯಿ ಹಾಕುವ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಹಿಂದಕ್ಕೆ ಹೋಗುವ ಮಗು ಎರಡನೆಯದು. ಮಂಪರಿನಲ್ಲಿದ್ದು ಕುಡಿಯಲಾರದ, ಚಿವುಟಿದ ಚರ್ಮ 2 ಸೆಕೆಂಡ್ ಕಳೆದರೂ ಹಾಗೇ ನಿಲ್ಲುವ ಮಗು ಮೂರನೆಯದು. ಮೊದಲ ಗುಂಪಿಗೆ ವಾಂತಿ ನಿಲ್ಲಿಸುವ ಮದ್ದು ಬೇಕಾಗಿಲ್ಲ. ಕರಾಚಿಯಲ್ಲಿ ನಡೆದ ಪರೀಕ್ಷೆಯಲ್ಲಿ, ನೀರಿನಂಶ ಕಡಿಮೆಯಾಗಿರದ ಮಕ್ಕಳಿಗೆ ಒಂಡನ್‌ಸೆಟ್ರಾನ್ ಕೊಟ್ಟರೂ ಡ್ರಿಪ್‌ನ ಅಗತ್ಯ ಕಡಿಮೆಯಾಗಲಿಲ್ಲ. ಮೂರನೆಯ ಗುಂಪಿಗೆ ತಡಮಾಡದೆ ನರದ ಮೂಲಕ ದ್ರವ ಹೋಗಬೇಕು, ಮಾತ್ರೆ ಹಿಡಿದು ಕಾಯುವ ಹೊತ್ತು ಅದಲ್ಲ. ನಾವು ವಾದಿಸುತ್ತಿರುವುದು ನಡುವಿನ ಗುಂಪಿಗಾಗಿ. ಬಾಯಿಯಿಂದ ಕುಡಿಸಿ ಉಳಿಸಿಕೊಳ್ಳಬಹುದಾದ, ಆದರೆ ಕುಡಿದದ್ದೆಲ್ಲ ಹೊರಗೆ ಬರುತ್ತಿರುವ ಮಕ್ಕಳು ಇವರು.

ಇವರಿಗೆ ಒಂದೇ ಒಂದು ಡೋಸ್ ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷ್ಯ ಹಳೆಯದು. ಶಿಕಾಗೋದ ಮಕ್ಕಳ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ 6 ತಿಂಗಳಿಂದ 10 ವರ್ಷದ 215 ಮಕ್ಕಳ ಮೇಲೆ ನಡೆದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಬಾಯಲ್ಲಿ ಕರಗುವ ಒಂಡನ್‌ಸೆಟ್ರಾನ್ ಮಾತ್ರೆ ಪಡೆದವರಲ್ಲಿ ಓಆರ್‌ಎಸ್ ಕುಡಿಸುವಾಗ ಮತ್ತೆ ವಾಂತಿಯಾದದ್ದು ಶೇ. 14 ಮಕ್ಕಳಿಗೆ, ಮದ್ದಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ. 35. ಡ್ರಿಪ್ ಹಾಕಬೇಕಾಗಿ ಬಂದದ್ದು ಶೇ. 14 ಮತ್ತು ಶೇ. 31. ಇಟಲಿಯಲ್ಲಿ 1ರಿಂದ 6 ವರ್ಷದ 356 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆ ನಮ್ಮ ಊರಿಗೆ ಇನ್ನೂ ಹತ್ತಿರದ್ದು. ಯಾಕೆಂದರೆ ಅದರಲ್ಲಿ ವಾಂತಿಗೆಂದು ನಾವು ದಿನವೂ ಬರೆಯುವ ಡೊಂಪೆರಿಡೋನ್ ಸಿರಪ್ ಕೂಡ ಇತ್ತು. ಮೂಗಿನ ನಳಿಕೆ ಅಥವಾ ಡ್ರಿಪ್ ಬೇಕಾದವರು ಒಂಡನ್‌ಸೆಟ್ರಾನ್ ಗುಂಪಿನಲ್ಲಿ ಶೇ. 11.8, ಡೊಂಪೆರಿಡೋನ್ ಗುಂಪಿನಲ್ಲಿ ಶೇ. 25.2, ಹುಸಿ ಮದ್ದಿನ ಗುಂಪಿನಲ್ಲಿ ಶೇ. 28.8. ಕೊನೆಯ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂದು ವಿನಂತಿ.

ಇನ್ನು ರೂಪಗಳ ಮಾತು. ಒಂಡನ್‌ಸೆಟ್ರಾನ್ ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತದೆ: ಬಾಯಲ್ಲಿ ಕರಗುವ 4 ಮಿ.ಗ್ರಾಂ ಮಾತ್ರೆ, 5 ಮಿ.ಲೀ.ಗೆ 2 ಮಿ.ಗ್ರಾಂ ಇರುವ ಸಿರಪ್, 1 ಮಿ.ಲೀ.ಗೆ 2 ಮಿ.ಗ್ರಾಂ ಇರುವ ಇಂಜೆಕ್ಷನ್. ಒಳಗಿರುವ ಮದ್ದು ಒಂದೇ. ವ್ಯತ್ಯಾಸ ಇರುವುದು ಅದು ಒಳಹೋಗುವ ದಾರಿಯಲ್ಲಿ, ತಗಲುವ ಹೊತ್ತಿನಲ್ಲಿ, ಕೈತಪ್ಪುವ ಬಗೆಯಲ್ಲಿ.

ಕರಗುವ ಮಾತ್ರೆಯ ಬಗ್ಗೆ ಒಂದು ತಪ್ಪು ಕಲ್ಪನೆ ನಮ್ಮ ಸಿಬ್ಬಂದಿಯಲ್ಲೂ ಇದೆ. ನಾಲಿಗೆಯ ಅಡಿಯಿಂದ ನೇರ ರಕ್ತಕ್ಕೆ ಸೇರುತ್ತದೆ ಎಂದುಕೊಂಡು ಮಗುವಿನ ನಾಲಿಗೆ ಎತ್ತಿ ಒತ್ತಿ ಇಡುತ್ತಾರೆ, ಮಗು ಓಕರಿಸುತ್ತದೆ. ಹಾಗೇನೂ ಇಲ್ಲ. ಮಾತ್ರೆ ನಾಲಿಗೆಯ ಮೇಲೆ ಕೆಲವೇ ಸೆಕೆಂಡಿನಲ್ಲಿ ಕರಗಿ, ಉಗುಳಿನ ಜತೆ ಹೊಟ್ಟೆಗಿಳಿದು, ಕರುಳಿನಿಂದಲೇ ರಕ್ತ ಸೇರುತ್ತದೆ. ನುಂಗುವ ಮಾತ್ರೆಗೂ ಇದಕ್ಕೂ ರಕ್ತದಲ್ಲಿ ಕಾಣುವ ಮಟ್ಟ ಒಂದೇ. ಲಾಭ ಇರುವುದು ಬೇರೆ ಕಡೆ: ನೀರು ಬೇಡ, ನುಂಗಲು ಬಾರದ ಮಗುವಿಗೂ ಕೊಡಬಹುದು, ಹೊಟ್ಟೆಗೆ ಹೋಗುವ ಪ್ರಮಾಣ ಅತ್ಯಲ್ಪವಾದ್ದರಿಂದ ಮದ್ದೇ ಹೊರಗೆ ಬರುವ ಸಂಭವ ಕಡಿಮೆ. ಕೈ ಒದ್ದೆಯಿದ್ದರೆ ಮಾತ್ರೆ ಬೆರಳಿಗೇ ಅಂಟಿ ಕರಗುತ್ತದೆ, ಒಣಗಿದ ಕೈಯಿಂದಲೇ ತೆಗೆಯಬೇಕು. ನೀರಿನಂಶ ಕಡಿಮೆಯಾದ ಮಗುವಿನ ಬಾಯಲ್ಲಿ ಉಗುಳೂ ಕಡಿಮೆ. ನಾಲಿಗೆ ಒಣಗಿದ್ದರೆ ಮೊದಲು ಎರಡು ಹನಿ ನೀರು ಬಿಟ್ಟು ಆಮೇಲೆ ಮಾತ್ರೆ ಇಡಬೇಕು. ತೀರ ಚಿಕ್ಕವರಿಗೆ ಚಮಚದಲ್ಲಿ 2-3 ಮಿ.ಲೀ. ನೀರಿಗೆ ಹಾಕಿ, ಕರಗಿದ ಕೂಡಲೇ ಕೆನ್ನೆಯ ಬದಿಯಿಂದ ಕುಡಿಸಬಹುದು.

ಅರ್ಧ ಮಾಡುವುದೇ ತೊಡಕಿನ ಕೆಲಸ. ಈ ಮಾತ್ರೆ ಮೆದು. ಉಗುರಿನಿಂದ ಮುರಿದರೆ ಒಂದು ಪಾಲು ದೊಡ್ಡದು, ಉಳಿದದ್ದು ಪುಡಿ. ಸ್ಟ್ರಿಪ್‌ನ ಹಿಂದಿನಿಂದ ಒತ್ತಿ ತೆಗೆಯುವಾಗಲೇ ಎಷ್ಟೋ ಸಲ ಪುಡಿಯಾಗುತ್ತದೆ. ಹಾಳೆ ಸುಲಿಯುವಂತಿದ್ದರೆ ಸುಲಿದು ತೆಗೆದು, ಮಾತ್ರೆ ಕತ್ತರಿಸುವ ಸಾಧನದಲ್ಲಿಟ್ಟು ತುಂಡರಿಸಬೇಕು. ಉಳಿದ ಅರ್ಧವನ್ನು ಕಾಗದದಲ್ಲಿ ಸುತ್ತಿ ‘ನಾಳೆಗೆ’ ಎಂದು ಕೊಡುವುದು ನಿಲ್ಲಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯ ಗಾಳಿಯಲ್ಲಿರುವ ತೇವಕ್ಕೆ ಅದು ಒಂದು ರಾತ್ರಿಯಲ್ಲಿ ಹಿಟ್ಟಾಗುತ್ತದೆ. ಅನೇಕ ಕರಗುವ ಮಾತ್ರೆಗಳಲ್ಲಿ ಸಿಹಿಗಾಗಿ ಆಸ್ಪರ್ಟೇಮ್ ಇರುವುದರಿಂದ ಫೀನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ಹುಟ್ಟು ಕಾಯಿಲೆಯ ಮಕ್ಕಳಿಗೆ ಸಿರಪ್ಪೇ ಲೇಸು, ಅದರಲ್ಲೂ ಲೇಬಲ್ ನೋಡಿ.

ಸಿರಪ್‌ನ ಬಲ ಅಳತೆಯಲ್ಲಿದೆ. ಕಿಲೋಗೆ 0.15 ಮಿ.ಗ್ರಾಂ ಲೆಕ್ಕದಲ್ಲಿ 10 ಕಿಲೋ ಮಗುವಿಗೆ 1.5 ಮಿ.ಗ್ರಾಂ, ಅಂದರೆ 3.75 ಮಿ.ಲೀ. ಚಿಕ್ಕ ಶಿಶುವಿಗೆ ಇಷ್ಟು ಕರಾರುವಾಕ್ಕಾಗಿ ಮಾತ್ರೆಯಿಂದ ಕೊಡಲು ಆಗುವುದಿಲ್ಲ. ಅದರ ದೌರ್ಬಲ್ಯ ಪ್ರಮಾಣದಲ್ಲಿದೆ. 20 ಕಿಲೋ ಮಗುವಿಗೆ ಮಾತ್ರೆಯಾದರೆ ಒಂದು, ಸಿರಪ್ಪಾದರೆ 7.5ರಿಂದ 10 ಮಿ.ಲೀ. ಓಕರಿಕೆಯಲ್ಲಿರುವ ಹೊಟ್ಟೆಗೆ ಅಷ್ಟು ಸಿಹಿ ಪಾಕ ಹೊಯ್ದರೆ ಮದ್ದೂ ಬರುತ್ತದೆ, ಕುಡಿಸಿದ ನೀರೂ ಬರುತ್ತದೆ. ಮುಚ್ಚಳದ ಅಳತೆಯನ್ನು ನಂಬಬಾರದು, ಸೂಜಿ ಸಿಕ್ಕಿಸಲಾಗದ ಬಾಯಿ ಸಿರಿಂಜೇ ಬೇಕು. ಮತ್ತೊಂದು, ಚೀಟಿಯಲ್ಲಿ ‘2’ ಎಂದಷ್ಟೇ ಗೀಚುವ ಪದ್ಧತಿ. ವೈದ್ಯರ ಮನಸ್ಸಿನಲ್ಲಿ 2 ಮಿ.ಗ್ರಾಂ, ಅಂಗಡಿಯವರ ಕೈಯಲ್ಲಿ 2 ಮಿ.ಲೀ. ಸಿರಪ್‌ನಲ್ಲಿ ಹೀಗಾದರೆ ಮಗುವಿಗೆ ಸಿಕ್ಕುವುದು 0.8 ಮಿ.ಗ್ರಾಂ, ಮದ್ದು ಹತ್ತಲಿಲ್ಲವೆಂದು ಸೂಜಿಗೆ ಹೋಗುತ್ತಾರೆ. ಅದೇ ಗೊಂದಲ ಇಂಜೆಕ್ಷನ್‌ನಲ್ಲಾದರೆ 4 ಮಿ.ಗ್ರಾಂ ಹೋಗುತ್ತದೆ. ಸಿರಪ್‌ಗೂ ಇಂಜೆಕ್ಷನ್ನಿನ ಚಿಕ್ಕ ಕುಪ್ಪಿಯಾದ ಆಂಪ್ಯೂಲ್‌ಗೂ ಸಾಂದ್ರತೆಯಲ್ಲಿ ಐದು ಪಟ್ಟು ವ್ಯತ್ಯಾಸ ಇರುವುದನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ನರಕ್ಕೆ ಕೊಡುವ ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ, ನಿಜ. ಬಾಯಿಯಿಂದ ಕೊಟ್ಟ ಮದ್ದಿನಲ್ಲಿ ಸುಮಾರು ಶೇ. 60 ಮಾತ್ರ ಯಕೃತ್ತು (ಲಿವರ್) ದಾಟಿ ರಕ್ತಕ್ಕೆ ಸಿಗುತ್ತದೆ, ಮಟ್ಟ ತುದಿ ಮುಟ್ಟಲು ಒಂದೂವರೆ ಎರಡು ಗಂಟೆ ಬೇಕು. ಆದರೆ ಓಕರಿಕೆ ತಗ್ಗಿ ಚಮಚ ಹಿಡಿಯುವಷ್ಟು ಪರಿಣಾಮಕ್ಕೆ ತುದಿ ಮುಟ್ಟಬೇಕೆಂದಿಲ್ಲ. ಶಿಕಾಗೋದ ಪರೀಕ್ಷೆಯಲ್ಲಿ ಮಾತ್ರೆ ಕೊಟ್ಟ 15 ನಿಮಿಷಕ್ಕೇ ಕುಡಿಸಲು ಆರಂಭಿಸಿದ್ದರು. ಇತ್ತ ಬತ್ತಿದ ನರ ಹುಡುಕಿ ಚಿಕ್ಕ ಮಗುವಿಗೆ ಕ್ಯಾನುಲಾ (ನರದೊಳಗೆ ಇಡುವ ಸಣ್ಣ ಕೊಳವೆ) ಹಾಕುವಷ್ಟರಲ್ಲಿ ಆ 15 ನಿಮಿಷ ಕಳೆದೇ ಹೋಗಿರುತ್ತದೆ. ಇಬ್ಬರು ಹಿಡಿಯಬೇಕು, ಒಬ್ಬರು ಚುಚ್ಚಬೇಕು. ಮಗು ಅತ್ತು ಅತ್ತು ಮತ್ತೆ ಕಾರುತ್ತದೆ.

ಕ್ಯಾನುಲಾ ಹಾಕಿದ ಮೇಲಿನ ಕಥೆ ಇನ್ನೂ ಕೆಟ್ಟದ್ದು. ನರ ಸಿಕ್ಕಿದೆಯಲ್ಲ ಎಂದು ಬಾಟ್ಲಿ ಏರಿಸುತ್ತಾರೆ. ಬಾಟ್ಲಿ ಏರಿದ ಮೇಲೆ ಮಗುವಿಗೆ ಕುಡಿಸುವವರೇ ಇಲ್ಲ. ಏರಿಸುವುದಾದರೂ ಏನು? ಬರೇ ಶೇ. 5ರ ಗ್ಲೂಕೋಸ್. ಅದರಲ್ಲಿ ಸೋಡಿಯಂ ಇಲ್ಲ. ಭೇದಿಯಲ್ಲಿ ಉಪ್ಪು ಕಳೆದುಕೊಂಡ ಮಗುವಿಗೆ ಅದನ್ನೇ ಸುರಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಡ್ರಿಪ್ ನಿಜವಾಗಿ ಬೇಕಾದ ಮಗುವಿಗೆ ರಿಂಗರ್ ಲ್ಯಾಕ್ಟೇಟ್, ಅದಿಲ್ಲದಿದ್ದರೆ ನಾರ್ಮಲ್ ಸಲೈನ್: ಒಟ್ಟು ಕಿಲೋಗೆ 100 ಮಿ.ಲೀ. ಒಂದು ವರ್ಷದೊಳಗಿನವರಿಗೆ ಮೊದಲ 30 ಮಿ.ಲೀ. ಒಂದು ಗಂಟೆಯಲ್ಲಿ, ಉಳಿದ 70 ಐದು ಗಂಟೆಯಲ್ಲಿ. ದೊಡ್ಡವರಿಗೆ ಅರ್ಧ ಗಂಟೆ ಮತ್ತು ಎರಡೂವರೆ ಗಂಟೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಎಲ್ಲರೂ ಓದಿದ್ದೇ.

ಇಂಜೆಕ್ಷನ್ ಕೊಡಲೇಬೇಕಾದ ಮಕ್ಕಳೂ ಇದ್ದಾರೆ. ಮಂಪರಿನವರು, ಮಾತ್ರೆ ಕೊಟ್ಟ ಮೇಲೂ ಬಿಡದೆ ಕಾರುವವರು, ಬೇರೆ ಕಾರಣಕ್ಕೆ ಬಾಯಿಯಿಂದ ಏನೂ ಕೊಡಬಾರದವರು. ಆಗಲೂ ಅಳತೆ ತಪ್ಪಬಾರದು. 2 ಮಿ.ಲೀ. ಆಂಪ್ಯೂಲ್‌ನಲ್ಲಿ 4 ಮಿ.ಗ್ರಾಂ ಇದೆ. 10 ಕಿಲೋ ಮಗುವಿಗೆ ಬೇಕಾದದ್ದು 0.75 ಮಿ.ಲೀ. ‘ಒಂದು ಆಂಪ್ಯೂಲ್’ ಎಂದು ಪೂರ್ತಿ ತಳ್ಳಿದರೆ ಎರಡೂವರೆ ಪಟ್ಟಿಗೂ ಹೆಚ್ಚು. ಸಲೈನ್‌ನಲ್ಲಿ ತೆಳುಮಾಡಿ 2ರಿಂದ 5 ನಿಮಿಷ ತೆಗೆದುಕೊಂಡು ನಿಧಾನ ಕೊಡಬೇಕು. ಈ ಮದ್ದು ಹೃದಯದ ವಿದ್ಯುತ್ ಚಟುವಟಿಕೆಯಲ್ಲಿ ಕ್ಯೂಟಿ ಅಂತರವನ್ನು, ಅಂದರೆ ಇಸಿಜಿಯಲ್ಲಿ ಕಾಣುವ ಒಂದು ಬಡಿತದ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಹೊತ್ತನ್ನು, ಉದ್ದ ಮಾಡುತ್ತದೆ, ನರಕ್ಕೆ ದೊಡ್ಡ ಡೋಸ್ ವೇಗವಾಗಿ ಕೊಟ್ಟಷ್ಟೂ ಬಡಿತದ ತಾಳ ತಪ್ಪುವ ಅಪಾಯ ಹೆಚ್ಚು. ವಯಸ್ಕರ 32 ಮಿ.ಗ್ರಾಂ ಒಂಟಿ ಇಂಜೆಕ್ಷನ್ ಡೋಸನ್ನು ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ತೆಗೆಸಿದ್ದು ಇದಕ್ಕೇ. ಹುಟ್ಟಿನಿಂದಲೇ ಉದ್ದ ಕ್ಯೂಟಿ ಇರುವ ಮಗುವಿಗೆ ಯಾವ ರೂಪದಲ್ಲೂ ಕೊಡಬಾರದು. ದಿನಗಟ್ಟಲೆ ಭೇದಿಯಾಗಿ ಪೊಟ್ಯಾಶಿಯಂ ಕುಸಿದಿರುವ ಶಂಕೆ ಇದ್ದರೆ ಇಸಿಜಿ ನೋಡಿಯೇ ಕೊಡಬೇಕು. ಉಳಿದಂತೆ ಆರೋಗ್ಯವಂತ ಮಗುವಿಗೆ ಬಾಯಿಯಿಂದ ಒಂದು ಡೋಸ್ ಕೊಡಲು ಇಸಿಜಿ ಬೇಕಾಗಿಲ್ಲ. ಸೊಂಟಕ್ಕೋ ತೊಡೆಗೋ ಚುಚ್ಚುವ ಸೂಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನರದ ವೇಗವೂ ಅದಕ್ಕಿಲ್ಲ, ಮಾತ್ರೆಯ ಸುಖವೂ ಇಲ್ಲ.

ಒಂಡನ್‌ಸೆಟ್ರಾನ್ ಬಿಟ್ಟು ಬೇರೆ ವಾಂತಿ ಮದ್ದುಗಳತ್ತ ಕೈ ಹೋಗುವುದು ನಮಗೆ ಇನ್ನೂ ದೊಡ್ಡ ಚಿಂತೆ. ಮೆಟೊಕ್ಲೋಪ್ರಮೈಡ್ ಆಂಪ್ಯೂಲ್ 2 ಮಿ.ಲೀ.ಗೆ 10 ಮಿ.ಗ್ರಾಂ, ದೊಡ್ಡವರ ಲೆಕ್ಕದ್ದು. 10 ಕಿಲೋ ಮಗುವಿಗೆ ಕೊಟ್ಟರೆ ಕೊಡಬೇಕಾದದ್ದು 0.2-0.3 ಮಿ.ಲೀ. ಅಷ್ಟು ಕಡಿಮೆಯನ್ನು ದೊಡ್ಡ ಸಿರಿಂಜಿನಲ್ಲಿ ಎಳೆಯುವಾಗ ಎರಡು ಮೂರು ಪಟ್ಟು ಹೆಚ್ಚಾಗುವುದು ತೀರ ಸುಲಭ. ಆಮೇಲೆ ಕುತ್ತಿಗೆ ಒಂದು ಬದಿಗೆ ತಿರುಚಿ, ಕಣ್ಣು ಮೇಲೆ ಹೋಗಿ, ನಾಲಿಗೆ ಹೊರಬರುತ್ತದೆ. ಮನೆಯವರು ಫಿಟ್ಸ್ ಎಂದುಕೊಂಡು ಮಂಗಳೂರಿಗೆ ಓಡುತ್ತಾರೆ. ಯುರೋಪಿನ ನಿಯಂತ್ರಕರು 2013ರಲ್ಲೇ ಒಂದು ವರ್ಷದೊಳಗಿನವರಿಗೆ ಅದನ್ನು ಕೊಡಕೂಡದೆಂದರು. ಪ್ರೊಮೆಥಝಿನ್‌ಗೆ 2 ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟ ಕುಗ್ಗಿಸಿ ಜೀವ ತೆಗೆಯಬಲ್ಲದೆಂಬ ಅತಿ ಗಂಭೀರ ಎಚ್ಚರಿಕೆ ಇದೆ. ಜೀವಾಪಾಯ ಇಲ್ಲದಾಗಲೂ ಅದು ಮಗುವನ್ನು ನಿದ್ದೆಗೆ ತಳ್ಳುತ್ತದೆ, ನಿದ್ದೆ ಮಾಡುವ ಮಗು ಓಆರ್‌ಎಸ್ ಕುಡಿಯುವುದಿಲ್ಲ, ಮಂಪರು ಮದ್ದಿನದೋ ಕಾಯಿಲೆಯದೋ ನಮಗೆ ತಿಳಿಯುವುದಿಲ್ಲ. ಡೊಂಪೆರಿಡೋನ್‌ನ ಹಣೆಬರಹ ಇಟಲಿಯ ಅಂಕಿಗಳಲ್ಲಿ ಕಂಡಿತು. ಅದರ ಹನಿ ಮದ್ದು 1 ಮಿ.ಲೀ.ಗೆ 10 ಮಿ.ಗ್ರಾಂ, ಸಿರಪ್ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವುದನ್ನೂ ಗಮನಿಸಬೇಕು. ಸಿರಪ್‌ನ ಅಳತೆಯಲ್ಲಿ ಹನಿ ಮದ್ದು ಕುಡಿಸಿದರೆ ಹತ್ತು ಪಟ್ಟು.

ಇಲ್ಲಿ ಗಡಿಯದ್ದೇ ಒಂದು ತೊಂದರೆ ಸೇರಿಕೊಳ್ಳುತ್ತದೆ. ಸಂಜೆ ಊರಿನ ಕ್ಲಿನಿಕ್ಕಿನಲ್ಲಿ ಒಂದು ಚೀಟಿ, ರಾತ್ರಿ ತಲಪಾಡಿ ದಾಟಿ ಇನ್ನೊಂದು ಚೀಟಿ. ಒಂದರಲ್ಲಿ ಡೊಂಪೆರಿಡೋನ್, ಇನ್ನೊಂದರಲ್ಲಿ ಒಂಡನ್‌ಸೆಟ್ರಾನ್, ಎರಡಕ್ಕೂ ಕಂಪನಿಯ ಹೆಸರು ಬೇರೆ. ತಾಯಿ ಎರಡನ್ನೂ ನಿಷ್ಠೆಯಿಂದ ಕುಡಿಸುತ್ತಾಳೆ. ಎರಡೂ ಕ್ಯೂಟಿ ಉದ್ದ ಮಾಡುವ ಮದ್ದುಗಳು. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ.

ಮದ್ದು ಕೊಟ್ಟ ಮೇಲಿನ ಕೆಲಸವೇ ಅಸಲು ಚಿಕಿತ್ಸೆ. 15 ನಿಮಿಷದೊಳಗೆ ಮಾತ್ರೆ ಕಾರಿದರೆ ಇನ್ನೊಂದು ಸಲ ಕೊಡಬಹುದು, ಆ ಬಳಿಕ ಕಾರಿದರೆ ಮದ್ದು ಮತ್ತೆ ಬೇಡ. 15ರಿಂದ 30 ನಿಮಿಷ ಕಳೆದು ಓಆರ್‌ಎಸ್ ಶುರುಮಾಡಬೇಕು. ನಾಲ್ಕು ಗಂಟೆಯಲ್ಲಿ ಕಿಲೋಗೆ 75 ಮಿ.ಲೀ., ಅಂದರೆ 10 ಕಿಲೋ ಮಗುವಿಗೆ 750. ಕೇಳಿದಾಗ ಬಹಳ ಎನಿಸುತ್ತದೆ. ಆದರೆ ನಿಮಿಷಕ್ಕೊಂದರಂತೆ 5 ಮಿ.ಲೀ. ಚಮಚ ಕೊಟ್ಟರೆ ಗಂಟೆಗೆ 300 ಮಿ.ಲೀ. ಆಗುತ್ತದೆ, ಎರಡು ನಿಮಿಷಕ್ಕೊಂದಾದರೆ 150. ನಡುವೆ ಬಿಡುವು ತೆಗೆದುಕೊಂಡರೂ ತಾಯಿಯ ಕೈಯ ಚಮಚ ಡ್ರಿಪ್ಪಿನ ಲೆಕ್ಕವನ್ನು ಮುಟ್ಟುತ್ತದೆ. ಕೆಡುವುದು ಎಲ್ಲಿ ಎಂದರೆ, ಮಗು ಬಾಯಾರಿ ಬೇಡಿತೆಂದು ಲೋಟವನ್ನೇ ಬಾಯಿಗೆ ಕೊಟ್ಟಾಗ. ಗಟಗಟ ಕುಡಿದ 100 ಮಿ.ಲೀ. ಒಮ್ಮೆಗೇ ಹೊರಬರುತ್ತದೆ, ಮದ್ದಿಗೆ ಕೆಟ್ಟ ಹೆಸರು. ಕಾರಿದರೆ 10 ನಿಮಿಷ ಕಾದು ಮತ್ತೆ ನಿಧಾನ ಆರಂಭಿಸಬೇಕು. ಎದೆಹಾಲು ಒಂದು ಹೊತ್ತೂ ನಿಲ್ಲಿಸಬಾರದು.

ಓಆರ್‌ಎಸ್ ಬೆರೆಸುವಲ್ಲೂ ಎಡವುತ್ತಾರೆ. ದೊಡ್ಡ ಪೊಟ್ಟಣ ಒಂದು ಲೀಟರ್‌ಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಅದು ಮದ್ದಲ್ಲ, ಉಪ್ಪಿನ ವಿಷ. ಒಳ್ಳೆಯ ಓಆರ್‌ಎಸ್‌ನ ಒಟ್ಟು ಸಾಂದ್ರತೆ ಲೀಟರಿಗೆ 245 ಮಿಲಿಆಸ್ಮೋಲ್, ಅದರಲ್ಲಿ ಸೋಡಿಯಂ 75, ಗ್ಲೂಕೋಸ್ 75. ಅಂಗಡಿಯ ಪೆಟ್ಟಿಗೆ ಪಾನೀಯಗಳಲ್ಲಿ ಸಕ್ಕರೆ ಅದಕ್ಕಿಂತ ಎಷ್ಟೋ ಹೆಚ್ಚಿದ್ದು ಭೇದಿಯನ್ನೇ ಹೆಚ್ಚಿಸುತ್ತವೆ. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆಸ್ಪತ್ರೆಗಳ ಸುತ್ತಲಿನ ಅಂಗಡಿಗಳಲ್ಲಿ ಅದು ಪಾಲನೆಯಾಗುವಂತೆ ನೋಡಿಕೊಳ್ಳಲು ತಮ್ಮ ಒಂದು ಮಾತು ಸಾಕು. ಗಂಜಿತಿಳಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸುವ ನಮ್ಮ ಮನೆಗಳ ರೂಢಿ ಆ ಪೆಟ್ಟಿಗೆಗಳಿಗಿಂತ ಎಷ್ಟೋ ಮೇಲು.

ವಾಂತಿಯೆಲ್ಲ ವಾಂತಿಭೇದಿ ಅಲ್ಲ ಎಂಬುದನ್ನು ಮದ್ದು ಕೊಡುವ ಪ್ರತಿಯೊಬ್ಬರೂ ನೆನಪಿಡಬೇಕು. ಹಸಿರು ಪಿತ್ತದ ವಾಂತಿ, ಹೊಟ್ಟೆ ಉಬ್ಬರ, ಜಾಮ್‌ನಂಥ ರಕ್ತದ ಮಲ, ತಲೆಗೆ ಪೆಟ್ಟು, ಬೆಳಗ್ಗೆ ಎದ್ದೊಡನೆ ತಲೆನೋವಿನ ಜತೆ ವಾಂತಿ, ಕುತ್ತಿಗೆ ಬಿಗಿತ, ಆಳವಾದ ವೇಗದ ಉಸಿರಿನ ಜತೆ ಹೆಚ್ಚು ಮೂತ್ರ, ಎರಡು ಮೂರು ತಿಂಗಳೊಳಗಿನ ಶಿಶುವಿನಲ್ಲಿ ಕುಡಿದ ಕೂಡಲೇ ಚಿಮ್ಮುವ ವಾಂತಿ: ಇವಕ್ಕೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರೆ ಕರುಳು ಸಿಕ್ಕಿಕೊಂಡದ್ದೂ ಮಿದುಳು ಜ್ವರವೂ ಸಕ್ಕರೆ ಕಾಯಿಲೆಯೂ ಒಂದು ದಿನ ತಡವಾಗಿ ತಿಳಿಯುತ್ತವೆ. ಭೇದಿಯೇ ಇಲ್ಲದೆ ಒಂದು ದಿನಕ್ಕೂ ಹೆಚ್ಚು ಬರೇ ವಾಂತಿ ಇದ್ದರೆ ಮತ್ತೊಮ್ಮೆ ಯೋಚಿಸಬೇಕು. ಜ್ವರ, ರಕ್ತಭೇದಿ ಇದ್ದಾಗ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕನ್ನು ಮರೆಯಬಾರದು. 2022ರ ಮೇಯಲ್ಲಿ ಚೆರುವತ್ತೂರಿನಲ್ಲಿ ಶಾವರ್ಮಾ ತಿಂದವರಿಗೆ ಏನಾಯಿತೆಂದು ಈ ಜಿಲ್ಲೆಗೆ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ಇನ್ನೂ ಒಂದು ಹೊಣೆ ಇದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕದಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತುಗಳಲ್ಲಿ ಫಿಟ್ಸ್‌ಗೆ ದಿನವೂ ಮದ್ದು ತೆಗೆದುಕೊಳ್ಳುವ, ತಾವಾಗಿ ಕುಡಿಯಲಾರದ ಮಕ್ಕಳಿದ್ದಾರೆ. ಅವರು ವಾಂತಿ ಮಾಡಿದರೆ ಫಿಟ್ಸಿನ ಮದ್ದೂ ಹೊರಹೋಗುತ್ತದೆ, ರಾತ್ರಿಯೊಳಗೆ ಫಿಟ್ಸ್. ಫಿಟ್ಸಿಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಗುವಿಗೆ ವಾಂತಿ, ಮಂಪರು ಬಂದರೆ ಆ ಮದ್ದಿನಿಂದಲೇ ಯಕೃತ್ತು ಕೆಟ್ಟಿರಬಹುದು. ಮೊದಲೇ ಸ್ನಾಯು ಬಿಗಿತ ಇರುವವರಿಗೆ ಮೆಟೊಕ್ಲೋಪ್ರಮೈಡ್ ಕೊಡುವುದಂತೂ ಗಾಯಕ್ಕೆ ಉಪ್ಪು ಹಚ್ಚಿದಂತೆ. ಈ ಮಕ್ಕಳ ಚೀಟಿಯಲ್ಲಿ ಈಗಾಗಲೇ ಇರುವ ಮದ್ದುಗಳ ಪಟ್ಟಿ ನೋಡದೆ ಯಾವ ವಾಂತಿ ಮದ್ದನ್ನೂ ಕೊಡಬಾರದೆಂದು ಲಿಖಿತ ಸೂಚನೆ ಬೇಕು.

‘ಸೂಜಿ ಹಾಕದೆ ಕಳಿಸಿದರೆ ಜನ ಬಿಡುವುದಿಲ್ಲ’ ಎಂಬ ಮಾತನ್ನು ನಾವೂ ಬಲ್ಲೆವು. ಜನ ಕೇಳುವುದು ಮಗು ಕಣ್ಣೆದುರು ಚೇತರಿಸಿಕೊಳ್ಳುವುದನ್ನು. ಮಾತ್ರೆ ಕೊಟ್ಟು ‘ಹೋಗಿ’ ಎಂದರೆ ಯಾರೂ ಒಪ್ಪುವುದಿಲ್ಲ. ಮಾತ್ರೆ ಕೊಟ್ಟು, ಬೆಂಚಿನಲ್ಲಿ ಕೂರಿಸಿ, ಚಮಚವನ್ನೂ ಬೆರೆಸಿದ ಓಆರ್‌ಎಸ್ಸನ್ನೂ ತಾಯಿಯ ಕೈಗಿತ್ತು, ಗಂಟೆಗೊಮ್ಮೆ ಬಂದು ನೋಡಿದರೆ ಒಪ್ಪುತ್ತಾರೆ. ಅದಕ್ಕೆ ಹಾಸಿಗೆಯೂ ಬೇಡ. ನಾಲ್ಕು ಕುರ್ಚಿ, ಕುಡಿಯುವ ನೀರು, ಗೋಡೆ ಗಡಿಯಾರ ಸಾಕು.

ಆದ್ದರಿಂದ ನಮ್ಮ ಕೋರಿಕೆಗಳು ಹೀಗಿವೆ. ಮಕ್ಕಳನ್ನು ನೋಡುವ ಎಲ್ಲ ಕುಟುಂಬ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆಗಳ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕರಗುವ 4 ಮಿ.ಗ್ರಾಂ ಮಾತ್ರೆ ಮತ್ತು ಸಿರಪ್ ಎರಡನ್ನೂ ಸೇರಿಸಿ, ಕೇರಳ ಮೆಡಿಕಲ್ ಸರ್ವೀಸಸ್ ಕಾರ್ಪೊರೇಶನ್‌ಗೆ ಬರೆಯಬೇಕು. ಇಂಜೆಕ್ಷನ್ ಇದೆಯಲ್ಲ, ಅದೂ ಅದೇ ಮದ್ದಲ್ಲವೇ ಎಂಬ ಉತ್ತರವನ್ನು ಒಪ್ಪಬಾರದು. 5 ಮಿ.ಲೀ. ಬಾಯಿ ಸಿರಿಂಜ್, ಮಾತ್ರೆ ಕತ್ತರಿಸುವ ಸಾಧನ, ಸರಿಯಾಗಿ ತೋರಿಸುವ ಶಿಶು ತೂಕದ ಯಂತ್ರ ಪ್ರತಿ ಕ್ಯಾಶುವಾಲಿಟಿಯಲ್ಲಿ ಇರಬೇಕು.

ಗೋಡೆಗೆ ಒಂದೇ ಒಂದು ತೂಕದ ಪಟ್ಟಿ ಬೇಕು. 8ರಿಂದ 15 ಕಿಲೋ: 2 ಮಿ.ಗ್ರಾಂ, ಅರ್ಧ ಮಾತ್ರೆ ಅಥವಾ 5 ಮಿ.ಲೀ. ಸಿರಪ್. 15 ದಾಟಿ 30ರ ತನಕ: 4 ಮಿ.ಗ್ರಾಂ, ಒಂದು ಮಾತ್ರೆ. 30 ದಾಟಿದರೆ 8 ಮಿ.ಗ್ರಾಂ, ಎರಡು ಮಾತ್ರೆ. 8 ಕಿಲೋಗಿಂತ ಕಡಿಮೆ ತೂಕ ಅಥವಾ 6 ತಿಂಗಳೊಳಗಿನ ಶಿಶು: ವೈದ್ಯರು ಖುದ್ದಾಗಿ ನೋಡದೆ ಕೊಡಬಾರದು. ಚೀಟಿಯಲ್ಲಿ ಮಿ.ಗ್ರಾಂ, ಮಿ.ಲೀ. ಎರಡನ್ನೂ ಬರೆಯುವುದು ಕಡ್ಡಾಯವಾಗಬೇಕು, ಪಕ್ಕದಲ್ಲಿ ಮಗುವಿನ ತೂಕವೂ ಇರಬೇಕು. 2 ವರ್ಷದೊಳಗಿನ ಮಕ್ಕಳಿಗೆ ವಾಂತಿಗಾಗಿ ಪ್ರೊಮೆಥಝಿನ್, ಯಾವ ವಯಸ್ಸಿನ ಮಗುವಿಗೂ ವಾಂತಿಭೇದಿಯಲ್ಲಿ ಮೆಟೊಕ್ಲೋಪ್ರಮೈಡ್ ಬೇಡವೆಂದು ಸುತ್ತೋಲೆ ಹೊರಡಿಸಬೇಕು.

ಮನೆಗೆ ಮಾತ್ರೆ ಕೊಡಬೇಕೇ ಎಂಬ ವಿಷಯದಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇಕಾದಾಗ ಕೊಡಲೆಂದು ಆರು ಡೋಸ್ ಮನೆಗೆ ಕೊಟ್ಟು ಕಳಿಸಿದವರಲ್ಲಿ ಕಾಯಿಲೆ ಜೋರಾದದ್ದು ಶೇ. 5.1, ಹುಸಿ ಮದ್ದಿನವರಲ್ಲಿ ಶೇ. 12.5. ಫಲಿತಾಂಶ ಒಳ್ಳೆಯದೇ. ಆದರೆ ಅಲ್ಲಿ ತೂಕಕ್ಕೆ ಸರಿಯಾಗಿ ಅಳೆದು, ಓದಬಲ್ಲ ಭಾಷೆಯಲ್ಲಿ ಬರೆದು ಕೊಡುತ್ತಾರೆ. ನಮ್ಮಲ್ಲಿ ಆ ಎರಡು ಸರಿಯಾಗುವ ತನಕ ಆಸ್ಪತ್ರೆಯಲ್ಲೇ ಒಂದು ಡೋಸ್ ಸಾಕು ಎಂಬುದು ನಮ್ಮಲ್ಲಿ ಹೆಚ್ಚಿನವರ ನಿಲುವು.

ಕೊನೆಯದಾಗಿ, ಮನೆಗೆ ಹೋಗುವಾಗ ಕೈಗೆ ಕೊಡುವ ಕಾರ್ಡ್. ಮಲೆಯಾಳದ ಜತೆ ಕನ್ನಡದಲ್ಲೂ ಅದು ಇರಬೇಕು. ತುಳು, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರಲ್ಲೂ ಕನ್ನಡ ಶಾಲೆಯಲ್ಲಿ ಓದಿದವರು ಬಹಳ, ಓದಲು ಬಾರದವರಿಗೆ ಚಿತ್ರ ಸಾಕು. ಕೊಟ್ಟ ಮದ್ದಿನ ಹೆಸರು, ಎಷ್ಟು, ಎಷ್ಟು ಗಂಟೆಗೆ, ಬೇರೆ ವಾಂತಿ ಮದ್ದು ಇದರ ಜತೆ ಬೇಡ, ಚಮಚದ ಲೆಕ್ಕ, ಮದ್ದಿನಿಂದ ಒಂದೆರಡು ಸಲ ಭೇದಿ ಹೆಚ್ಚಾದರೆ ಹೆದರಬೇಕಾಗಿಲ್ಲ. ಆರು ಗಂಟೆ ಮೂತ್ರ ಹೋಗದಿದ್ದರೆ, ಹಸಿರು ವಾಂತಿಯಾದರೆ, ಮಗು ಎಚ್ಚರಗೊಳ್ಳದಿದ್ದರೆ ಕೂಡಲೇ ಬನ್ನಿ. ಇಷ್ಟು ಸಾಲು ಸಾಕು. ಮಂಗಳೂರಿಗೆ ಹೋದರೂ ಅದೇ ಕಾರ್ಡ್ ತೋರಿಸಿದರೆ ಅಲ್ಲಿನವರಿಗೂ ಕೊಟ್ಟದ್ದು ಏನೆಂದು ತಿಳಿಯುತ್ತದೆ.

ಮಳೆಗಾಲದ ಬೇಡಿಕೆ ಪಟ್ಟಿ ಕಳಿಸುವ ಮೊದಲೇ ತಾವು ಒಂದು ಸಭೆ ಕರೆಯಬೇಕೆಂದು ವಿನಂತಿ. ತೂಕದ ಪಟ್ಟಿಯ ಕರಡನ್ನೂ ಕನ್ನಡ ಕಾರ್ಡಿನ ಕರಡನ್ನೂ ನಾವೇ ಸಿದ್ಧಪಡಿಸಿ ತರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕೆಲವು ಮಕ್ಕಳ ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು